ಪಶ್ಚಿಮಘಟ್ಟದ ಅರಣ್ಯಗಳಲ್ಲಿ ನಿಧಾನಗತಿಯ ಕಾಲ್ನಡಿಗೆ ಪ್ರವಾಸ: ಅನುಮತಿ, ವಾಸ್ತವ್ಯ ಮತ್ತು ಸ್ಥಳೀಯರೊಡನೆ ನಡವಳಿಕೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪಶ್ಚಿಮಘಟ್ಟದ ಅರಣ್ಯಗಳಲ್ಲಿ ಕಾಲ್ನಡಿಗೆಯಲ್ಲಿ ಸಂಚರಿಸಲು ಹಾಗೂ ಅರಣ್ಯದಂಚಿನ ಗ್ರಾಮಗಳಲ್ಲಿ ತಂಗಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಅನುಮತಿ ಪಡೆಯುವ ವಿಧಾನ, ಪಾಲಿಸಬೇಕಾದ ನಿಯಮಗಳು, ಪ್ರವಾಸಕ್ಕೆ ತಕ್ಕ ಕಾಲ ಹಾಗೂ ಗ್ರಾಮಸ್ಥರೊಡನೆ ಇರಬೇಕಾದ ನಡವಳಿಕೆಯನ್ನು ಇಲ್ಲಿ ಅನುಕ್ರಮವಾಗಿ ವಿವರಿಸಲಾಗಿದೆ.

ಪಶ್ಚಿಮಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಗೊಂಡಿದ್ದು, ಅವುಗಳಲ್ಲಿ 10 ತಾಣಗಳು ಕರ್ನಾಟಕದಲ್ಲಿವೆ. ಆ ಬಳಿಕ ಇಲ್ಲಿಗೆ ಬರುವವರ ಸಂಖ್ಯೆ ಬೆಳೆಯುತ್ತಲೇ ಇದೆ. ಆದರೆ ಬಹುಪಾಲು ಪ್ರವಾಸಿಗರು ಶನಿವಾರ ರಾತ್ರಿ ಹೊರಟು, ಭಾನುವಾರ ಶಿಖರವೇರಿ, ಅದೇ ರಾತ್ರಿ ಹಿಂತಿರುಗುವ ಕ್ರಮವನ್ನು ಅನುಸರಿಸುತ್ತಾರೆ. ಇದರಿಂದ ಕೆಲವೇ ದಾರಿಗಳ ಮೇಲೆ ಕೆಲವೇ ದಿನಗಳಂದು ವಿಪರೀತ ಒತ್ತಡ ಬೀಳುತ್ತದೆ. 2024ರ ಗಣರಾಜ್ಯೋತ್ಸವದ ರಜಾದಿನಗಳಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಒಮ್ಮೆಲೇ ಸೇರಿದ್ದು ಇದಕ್ಕೆ ನಿದರ್ಶನ. ಇದರ ಬೆನ್ನಲ್ಲೇ, ಆನ್‌ಲೈನ್ ನೋಂದಣಿ ಇಲ್ಲದ ಚಾರಣ ಪಥಗಳಲ್ಲಿ ಪ್ರವೇಶವನ್ನು ಸರ್ಕಾರವು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಮುಂಗಡ ನೋಂದಣಿ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು.

ಒಂದೇ ಸ್ಥಳದಲ್ಲಿ ಮೂರು ನಾಲ್ಕು ದಿನ ನಿಂತು, ಸ್ಥಳೀಯ ಮಾರ್ಗದರ್ಶಿಯೊಡನೆ ನಡೆದು, ಗ್ರಾಮದ ಮನೆಯಲ್ಲಿ ಉಂಡು ಮಲಗುವ ಪ್ರವಾಸಿಗರಿಂದ ಅರಣ್ಯಕ್ಕೆ ಆಗುವ ಹಾನಿ ಕಡಿಮೆ, ಗ್ರಾಮಕ್ಕೆ ಆಗುವ ಪ್ರಯೋಜನ ಅಧಿಕ. ಪ್ರವಾಸಿಗರ ಸುರಕ್ಷತೆಯ ದೃಷ್ಟಿಯಿಂದಲೂ ಇದೇ ಉತ್ತಮ ಕ್ರಮ. ಆದುದರಿಂದ ಅನುಮತಿಗಾಗಿ ಅರ್ಜಿ ಸಲ್ಲಿಸುವ ಮುನ್ನ ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳಬೇಕೆಂದು ಕೋರಲಾಗಿದೆ.

2. ಕಾನೂನಿನ ಚೌಕಟ್ಟು

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 27ರನ್ವಯ ನಿರ್ಬಂಧಿತವಾಗಿದೆ. ಪ್ರಕರಣ 28ರನ್ವಯ ಸಂಶೋಧನೆ, ಛಾಯಾಗ್ರಹಣ, ಪ್ರವಾಸೋದ್ಯಮ ಹಾಗೂ ಒಳಗೆ ವಾಸಿಸುವವರೊಡನೆ ನ್ಯಾಯಬದ್ಧ ವ್ಯವಹಾರ ಮುಂತಾದ ಉದ್ದೇಶಗಳಿಗೆ ಅನುಮತಿ ನೀಡಬಹುದಾಗಿದೆ. ಅನುಮತಿ ದೊರೆತ ನಂತರವೂ ಈ ಕೆಳಗಿನವುಗಳಿಗೆ ಅವಕಾಶವಿರುವುದಿಲ್ಲ:

ಅ) ವನ್ಯಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು.
ಆ) ಬೆಂಕಿ ಹಚ್ಚುವುದು ಅಥವಾ ಬೆಂಕಿ ಹರಡುವಂತೆ ನಡೆದುಕೊಳ್ಳುವುದು.
ಇ) ಪೂರ್ವಾನುಮತಿಯಿಲ್ಲದೆ ಆಯುಧ ಒಯ್ಯುವುದು.
ಈ) ವನ್ಯಜೀವಿಗಳಿಗೆ ಹಾನಿಕರವಾದ ರಾಸಾಯನಿಕ ಅಥವಾ ಸ್ಫೋಟಕ ವಸ್ತುಗಳನ್ನು ಬಳಸುವುದು.

ಅಭಯಾರಣ್ಯವಲ್ಲದ ಕಾಯ್ದಿಟ್ಟ ಅರಣ್ಯಗಳಿಗೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ. “ಇದು ಅಭಯಾರಣ್ಯವಲ್ಲ, ಆದ್ದರಿಂದ ಅನುಮತಿ ಬೇಕಿಲ್ಲ” ಎಂಬ ತಿಳಿವಳಿಕೆ ಸರಿಯಲ್ಲ.

ಅರಣ್ಯವಾಸಿಗಳ ಹಕ್ಕುಗಳು: ಅರಣ್ಯದೊಳಗೆ ಪಾರಂಪರಿಕವಾಗಿ ವಾಸಿಸುತ್ತಿರುವ ಜನರಿಗೆ 2006ರ ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮದನ್ವಯ ವಾಸ, ಸಾಗುವಳಿ ಹಾಗೂ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹಣೆಯ ಹಕ್ಕುಗಳು ದೊರೆಯುತ್ತವೆ. ಸೋಲಿಗರೊಬ್ಬರು ಜೇನು ತೆಗೆಯುವುದನ್ನು ಅಥವಾ ನೆಲ್ಲಿಕಾಯಿ ಆಯುವುದನ್ನು ಕಂಡ ಪ್ರವಾಸಿಗರು ತಮಗೂ ಅದು ಸಲ್ಲುತ್ತದೆಂದು ಭಾವಿಸಬಾರದು. ಅವರಿಗೆ ಅದು ಹಕ್ಕು. ಪ್ರವಾಸಿಗರು ಅದೇ ಕೆಲಸ ಮಾಡಿದರೆ ಅಪರಾಧ. ಹಾಗೆಯೇ, ಹಕ್ಕಿನಿಂದ ಸಂಗ್ರಹಿಸುತ್ತಿರುವವರನ್ನು ಕಳ್ಳರಂತೆ ಕಂಡು ಪ್ರಶ್ನಿಸುವುದು, ಚಿತ್ರೀಕರಿಸುವುದು ಸಹ ಸಲ್ಲದು.

3. ಅನುಮತಿ ಪಡೆಯುವ ವಿಧಾನ

ಅ) ಮೊದಲು, ತಾವು ಆಯ್ಕೆ ಮಾಡಿಕೊಂಡ ದಾರಿಯು ಅಧಿಕೃತ ಚಾರಣ ಪಥಗಳ ಪಟ್ಟಿಯಲ್ಲಿದೆಯೇ ಎಂಬುದನ್ನು ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ದಾರಿಗೆ ಹೋಗುವ ಮುನ್ನ ಸಂಬಂಧಿಸಿದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಆ) ಪ್ರತಿ ದಾರಿಗೂ ದಿನವಹಿ ಸಂಖ್ಯಾಮಿತಿ ಇರುವುದರಿಂದ ಮುಂಗಡವಾಗಿ ನೋಂದಾಯಿಸಿಕೊಳ್ಳುವುದು ಅಗತ್ಯ. ಸಾಧ್ಯವಾದರೆ ಸೋಮವಾರದಿಂದ ಗುರುವಾರದವರೆಗಿನ ದಿನಗಳನ್ನು ಆರಿಸಿಕೊಳ್ಳುವುದು ಸೂಕ್ತ.

ಇ) ತಂಡದ ಪ್ರತಿಯೊಬ್ಬರ ಹೆಸರು, ವಯಸ್ಸು, ವಿಳಾಸ ಹಾಗೂ ಸರ್ಕಾರದಿಂದ ನೀಡಲಾದ ಗುರುತಿನ ಚೀಟಿಯ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳತಕ್ಕದ್ದು. ಮೂಲ ಗುರುತಿನ ಚೀಟಿಯನ್ನು ತನಿಖಾ ಠಾಣೆಯಲ್ಲಿ ಹಾಜರುಪಡಿಸತಕ್ಕದ್ದು.

ಈ) ಶುಲ್ಕ ಪಾವತಿಯ ರಸೀದಿಯನ್ನು ಮುದ್ರಿಸಿ ಇಟ್ಟುಕೊಳ್ಳತಕ್ಕದ್ದು. ಬಹುತೇಕ ಪ್ರವೇಶ ಸ್ಥಳಗಳಲ್ಲಿ ಮೊಬೈಲ್ ಸಂಪರ್ಕ ದುರ್ಬಲವಾಗಿರುವುದರಿಂದ ದೂರವಾಣಿಯಲ್ಲಿರುವ ಪ್ರತಿಯೊಂದನ್ನೇ ನಂಬಿಕೊಳ್ಳುವುದು ಸರಿಯಲ್ಲ.

ಉ) ಮಾರ್ಗದರ್ಶಿ ಕಡ್ಡಾಯವಿರುವ ದಾರಿಗಳಲ್ಲಿ ಮಾರ್ಗದರ್ಶಿಯಿಲ್ಲದೆ ಹೊರಡುವಂತಿಲ್ಲ. ಕಡ್ಡಾಯವಿಲ್ಲದ ಕಡೆಯೂ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಹಿತ.

ಅರ್ಜಿಗಳಲ್ಲಿ ಕಂಡುಬರುವ ಸಾಮಾನ್ಯ ಲೋಪಗಳು: ಎರಡು ದಿನಗಳ ಅವಧಿಯಲ್ಲಿ ಮೂರು ಶಿಖರಗಳನ್ನು ನಮೂದಿಸುವುದು, ತಂಡದ ಒಬ್ಬರ ವಿವರ ಮಾತ್ರ ನೀಡಿ ಉಳಿದವರನ್ನು ‘ಸ್ನೇಹಿತರು’ ಎಂದು ಬರೆಯುವುದು, ತಂಗುವ ಸ್ಥಳವನ್ನು ಖಾಲಿ ಬಿಡುವುದು. ಇವುಗಳಲ್ಲಿ ಕೊನೆಯದು ಅತ್ಯಂತ ಗಂಭೀರವಾದುದು. ಸಂಜೆಯಾದರೂ ತಂಡವೊಂದು ಹಿಂತಿರುಗದಿದ್ದಲ್ಲಿ ಅದನ್ನು ಮೊದಲು ಗಮನಿಸಬೇಕಾದವರು ಆ ರಾತ್ರಿ ಅವರಿಗಾಗಿ ಅನ್ನ ಬೇಯಿಸಿಟ್ಟು ಕಾಯುತ್ತಿರುವ ಮನೆಯವರು. ಅಂಥದೊಂದು ಮನೆಯೇ ಇಲ್ಲದಿದ್ದರೆ ಹುಡುಕಾಟ ಆರಂಭವಾಗುವ ಹೊತ್ತಿಗೆ ಮರುದಿನದ ಮಧ್ಯಾಹ್ನವಾಗಿರುತ್ತದೆ.

4. ಪ್ರವಾಸಕ್ಕೆ ತಕ್ಕ ಕಾಲ

ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ಸಾಮಾನ್ಯವಾಗಿ ಅನುಕೂಲಕರ. ಫೆಬ್ರವರಿಯ ನಂತರ ಹುಲ್ಲುಗಾವಲು ಒಣಗಿ ಕಾಳ್ಗಿಚ್ಚಿನ ಭೀತಿ ಇರುವುದರಿಂದ ಅನೇಕ ದಾರಿಗಳನ್ನು ಮುಚ್ಚಲಾಗುತ್ತದೆ. ಮಳೆಗಾಲದಲ್ಲಿ ಹಳ್ಳಗಳು ಕ್ಷಣಮಾತ್ರದಲ್ಲಿ ತುಂಬಿ ಹರಿಯುತ್ತವೆ, ಗುಡ್ಡಗಳು ಕುಸಿಯುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಹಾಗೂ 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಸಂಭವಿಸಿದ ಭೂಕುಸಿತಗಳನ್ನು ಸಾರ್ವಜನಿಕರು ಮರೆಯಬಾರದು. ಜಿಲ್ಲಾಡಳಿತವು ನಿರ್ಬಂಧ ವಿಧಿಸಿರುವಾಗ, ಶುಲ್ಕ ಪಾವತಿಸಿ ಆಗಿದೆ ಎಂಬ ಕಾರಣಕ್ಕೆ ಪ್ರವೇಶಕ್ಕೆ ಒತ್ತಾಯಿಸುವಂತಿಲ್ಲ.

ಮನೆಯವರ ಕೆಲಸದ ಕಾಲವನ್ನೂ ಗಮನಿಸುವುದು ಅಗತ್ಯ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಹಾಗೂ ಭತ್ತದ ನಾಟಿಯ ದಿನಗಳಲ್ಲಿ ಮನೆಯ ಎಲ್ಲರೂ ತೋಟ ಗದ್ದೆಗಳಲ್ಲಿರುತ್ತಾರೆ. ಆ ದಿನಗಳಲ್ಲಿ ಬರಬಾರದೆಂದಲ್ಲ; ಮುಂಚಿತವಾಗಿ ವಿಚಾರಿಸಿ ಬರಬೇಕು.

5. ಮೂರು ಪ್ರದೇಶಗಳ ಪರಿಚಯ

(ಕ) ಕುದುರೆಮುಖ (ಚಿಕ್ಕಮಗಳೂರು ಜಿಲ್ಲೆ)

ಸುಮಾರು 600 ಚದರ ಕಿ.ಮೀ. ವಿಸ್ತೀರ್ಣದ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಶೋಲಾ ಕಾಡು ಮತ್ತು ಹುಲ್ಲುಗಾವಲು ಒಂದರ ಪಕ್ಕದಲ್ಲೊಂದು ಹಬ್ಬಿವೆ. ಕಣಿವೆಗಳ ತಗ್ಗಿನಲ್ಲಿ ಗಿಡ್ಡ ಮರಗಳ ದಟ್ಟ ಕಾಡು, ಏಣುಗಳ ಮೇಲೆ ಹುಲ್ಲು. ಮಳೆಯ ನೀರನ್ನು ಹೀರಿ ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಗಳಿಗೆ ಬಿಡುವುದು ಈ ಜೋಡಿಯೇ. ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಈ ಸಾಲಿನಲ್ಲಿ ಹುಟ್ಟುತ್ತವೆ. ಸಿಂಗಳೀಕಗಳ ಪ್ರಮುಖ ನೆಲೆಗಳಲ್ಲಿ ಇದೂ ಒಂದು.

1,894 ಮೀಟರ್ ಎತ್ತರದ ಶಿಖರಕ್ಕೆ ಹೋಗುವ ದಾರಿಯು ಕಳಸ ಸಮೀಪದ ಸಂಸೆಯ ಕಡೆಯಿಂದ ಮುಳ್ಳೋಡಿ ಗ್ರಾಮದ ಮೂಲಕ ಸಾಗುತ್ತದೆ. ಹೋಗಿ ಬರಲು ಇಡೀ ದಿನ ಬೇಕು. ಶಿಖರದಲ್ಲಿ ಅಥವಾ ದಾರಿಯಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಗ್ರಾಮದ ಮನೆಗಳಲ್ಲೇ ತಂಗತಕ್ಕದ್ದು.

ಮೂರು ರಾತ್ರಿಗಳ ಯೋಜನೆ ಸೂಕ್ತ. ಮೊದಲ ದಿನ ತಲುಪುವುದು. ಎರಡನೆಯ ದಿನ ಶಿಖರಕ್ಕೆ ಹೋಗದೆ ಮನೆಯ ತೋಟ, ಹಳ್ಳ, ಸುತ್ತಲ ಕಾಲುದಾರಿಗಳಲ್ಲಿ ಮಾರ್ಗದರ್ಶಿಯೊಡನೆ ನಡೆಯುವುದು. ಈ ಒಂದು ದಿನದಲ್ಲಿ ತಮ್ಮ ಉಸಿರು, ಕಾಲು, ಪಾದರಕ್ಷೆಗಳ ಸ್ಥಿತಿಯನ್ನು ಮಾರ್ಗದರ್ಶಿಯು ಅಳೆದುಕೊಳ್ಳುತ್ತಾರೆ. ಮೂರನೆಯ ದಿನ ಶಿಖರ. ಮಂಜು ಅಥವಾ ಮಳೆಯಿಂದ ಅಂದು ಆಗದಿದ್ದಲ್ಲಿ, ಅರ್ಧ ದಾರಿಯಿಂದ ಹಿಂತಿರುಗಲು ಸಂಕೋಚಪಡಬೇಕಾಗಿಲ್ಲ.

ಇಲ್ಲಿನ ಹಿರಿಯರೊಡನೆ ಮಾತನಾಡಿದರೆ ಗಣಿಯ ಕಾಲದ ಸಂಗತಿಗಳು ತಿಳಿದುಬರುತ್ತವೆ. ಕುದುರೆಮುಖದ ಕಬ್ಬಿಣದ ಅದಿರು ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ ಅಂತ್ಯಕ್ಕೆ ನಿಂತಿತು. ಗಣಿಯಿಂದ ಸಂಬಳ ಪಡೆದವರೂ, ಗಣಿಯ ಕೆಸರಿನಿಂದ ತೊಂದರೆ ಕಂಡವರೂ ಇದೇ ಸೀಮೆಯಲ್ಲಿದ್ದಾರೆ. ಉದ್ಯಾನದೊಳಗಿನ ಕುಟುಂಬಗಳ ಸ್ಥಳಾಂತರ ಕುರಿತಾದ ಪ್ರಶ್ನೆಯೂ ಸೂಕ್ಷ್ಮವಾದುದು. “ನೀವು ಕಾಡು ಬಿಟ್ಟು ಯಾವಾಗ ಹೋಗುತ್ತೀರಿ?” ಎಂದು ಊಟದ ಎಲೆಯ ಮುಂದೆ ಕೇಳುವುದು ಉಚಿತವಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು.

(ಖ) ಜೋಯಿಡಾ (ಉತ್ತರ ಕನ್ನಡ ಜಿಲ್ಲೆ)

ಜೋಯಿಡಾ ತಾಲ್ಲೂಕಿನ ಬಹುಭಾಗ ಅರಣ್ಯ. ದಾಂಡೇಲಿ–ಅಣಶಿ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಿಡಲಾಯಿತು. ಇಲ್ಲಿ ಕುಣಬಿ, ಗೌಳಿ ಹಾಗೂ ಸಿದ್ದಿ ಸಮುದಾಯಗಳ ಜನರು ನೆಲೆಸಿದ್ದಾರೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯವನ್ನು ಉತ್ತರ ಕನ್ನಡದಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರು ತಲೆಮಾರುಗಳಿಂದ ಇಲ್ಲಿಯವರೇ. “ನೀವು ಯಾವ ದೇಶದವರು?” ಎಂಬ ಪ್ರಶ್ನೆ ಅವರಿಗೆ ಬೇಸರ ತರುತ್ತದೆ.

ಕುಣಬಿ ರೈತರು ಬೆಳೆಯುವ ಗಡ್ಡೆ ಗೆಣಸುಗಳ ವೈವಿಧ್ಯ ಈ ತಾಲ್ಲೂಕಿನ ವಿಶೇಷ. ಜೋಯಿಡಾದಲ್ಲಿ ಇದಕ್ಕೆಂದೇ ಗಡ್ಡೆ ಗೆಣಸು ಮೇಳ ನಡೆಯುತ್ತದೆ. ಮನೆಯಲ್ಲಿ ತಂಗಿದವರು ಗಡ್ಡೆ ಅಗೆಯುವುದರಿಂದ ಹಿಡಿದು ಬೇಯಿಸುವವರೆಗಿನ ಕೆಲಸವನ್ನು ನೋಡಿ ಕಲಿಯಬಹುದು.

ಸೂಪಾ ಜಲಾಶಯದ ನೀರಿನ ಹರವನ್ನು ಪ್ರವಾಸಿಗರು ಮೆಚ್ಚುವುದು ಸಹಜ. ಆದರೆ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣ ಆ ನೀರಿನ ಕೆಳಗಿದೆ. ಅಲ್ಲಿಂದ ಎದ್ದು ಬಂದು ರಾಮನಗರ ಮುಂತಾದೆಡೆ ನೆಲೆಸಿದ ಕುಟುಂಬಗಳಿವೆ. ವಾಹನ ನಿಲ್ಲಿಸಿ ಚಿತ್ರ ತೆಗೆದು ಹೊರಟವರಿಗೆ ಈ ಸಂಗತಿ ತಿಳಿಯುವುದಿಲ್ಲ. ಎರಡು ದಿನ ನಿಂತವರಿಗೆ ಯಾರಾದರೊಬ್ಬರು ಹೇಳುತ್ತಾರೆ.

(ಗ) ಬಿಳಿಗಿರಿರಂಗನ ಬೆಟ್ಟ (ಚಾಮರಾಜನಗರ ಜಿಲ್ಲೆ)

ಪಶ್ಚಿಮಘಟ್ಟ ಮತ್ತು ಪೂರ್ವಘಟ್ಟಗಳನ್ನು ಜೋಡಿಸುವ ಈ ಬೆಟ್ಟಸಾಲು ಸೋಲಿಗರ ನೆಲೆ. ಅವರ ವಸತಿಗಳಿಗೆ ‘ಪೋಡು’ ಎಂದು ಹೆಸರು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಇಲ್ಲಿನ ಹಲವು ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳನ್ನೂ ಮಾನ್ಯ ಮಾಡಲಾಯಿತು. ಹುಲಿಯ ರಕ್ಷಣೆ ಮತ್ತು ಜನರ ಹಕ್ಕು ಒಂದೇ ನೆಲದಲ್ಲಿ ಜೊತೆಗಿರುವುದನ್ನು ಇಲ್ಲಿ ಕಾಣಬಹುದು.

ಹುಲಿ ಸಂರಕ್ಷಿತ ಪ್ರದೇಶವಾದುದರಿಂದ ಸ್ವೇಚ್ಛೆಯಿಂದ ಕಾಲ್ನಡಿಗೆಯಲ್ಲಿ ಅಲೆಯುವಂತಿಲ್ಲ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರದ ಬಳಿ ಹೋಗಲು ಅನುಮತಿ ದೊರೆತಲ್ಲಿ ಪಾದರಕ್ಷೆ ಕಳಚಿ ಹೋಗತಕ್ಕದ್ದು. ಅಲ್ಲಿನ ಕಲ್ಲುಗಳು ಅವರಿಗೆ ದೇವರು. ಅವುಗಳನ್ನು ಮುಟ್ಟುವುದಾಗಲಿ, ಸರಿಸುವುದಾಗಲಿ ಕೂಡದು.

ಹಿಂದೆ ಸೋಲಿಗರು ಬೇಸಿಗೆಯ ಆರಂಭದಲ್ಲಿ ನೆಲದ ಒಣ ಎಲೆಗಳಿಗೆ ಲಘುವಾಗಿ ‘ತರಗು ಬೆಂಕಿ’ ಹಾಕುವ ಪದ್ಧತಿ ಇತ್ತು. ಅದು ನಿಂತ ಮೇಲೆ ಲಂಟಾನ ಪೊದೆ ಹೆಚ್ಚಿತೆಂಬುದು ಅವರ ಅನುಭವದ ಮಾತು. ಪ್ರವಾಸಿಗರು ಕಾಡಿನೊಳಗೆ ಬೆಂಕಿ ಹಚ್ಚುವುದಕ್ಕೆ ಇದು ಸಮರ್ಥನೆಯಾಗದು. ಆದರೆ ಕಾಡನ್ನು ಕುರಿತು ಪುಸ್ತಕದಲ್ಲಿ ಸಿಗದ ತಿಳಿವಳಿಕೆ ಪೋಡಿನಲ್ಲಿದೆ ಎಂಬುದಕ್ಕೆ ಇದೊಂದು ಉದಾಹರಣೆ.

6. ಸ್ಥಳೀಯರೊಡನೆ ನಡವಳಿಕೆ

ಅ) ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವ ವಾಡಿಕೆ ಇದೆ. ಅದನ್ನು ಸ್ವೀಕರಿಸಿ ಕುಳಿತು ನಾಲ್ಕು ಮಾತನಾಡಿದ ನಂತರವೇ ಕೊಠಡಿ, ವಿದ್ಯುತ್, ಬಿಸಿನೀರುಗಳ ವಿಚಾರ ಎತ್ತುವುದು ಸಭ್ಯತೆ.

ಆ) ಹಿರಿಯರನ್ನು ಬಹುವಚನದಲ್ಲಿ ಮಾತನಾಡಿಸತಕ್ಕದ್ದು. ಮಾರ್ಗದರ್ಶಿಯು ವಯಸ್ಸಿನಲ್ಲಿ ಕಿರಿಯರಾಗಿದ್ದರೂ ‘ಏ’, ‘ಬಾರೋ’ ಎಂದು ಕರೆಯುವುದು ಸಲ್ಲದು. ಕಾಡಿನೊಳಗೆ ಅವರ ಮಾತೇ ಅಂತಿಮ.

ಇ) ಎಲ್ಲರ ಮನೆಮಾತೂ ಕನ್ನಡವಲ್ಲ. ಕುಣಬಿಗಳಲ್ಲಿ ಕೊಂಕಣಿ, ಮಲೆಕುಡಿಯರಲ್ಲಿ ತುಳು ಬಳಕೆಯಲ್ಲಿದೆ. ಸೋಲಿಗರಿಗೆ ತಮ್ಮದೇ ನುಡಿ ಇದೆ. ಅವರ ಉಚ್ಚಾರಣೆಯನ್ನು ಅನುಕರಿಸಿ ನಗುವುದು ಅಪಮಾನಕರ. ನಾಲ್ಕು ಪದ ಕೇಳಿ ಕಲಿಯುವುದು ಸ್ನೇಹಕ್ಕೆ ದಾರಿ.

ಈ) ಒಪ್ಪಿಗೆ ಪಡೆಯದೆ ಜನರ, ವಿಶೇಷವಾಗಿ ಮಹಿಳೆಯರ ಮತ್ತು ಮಕ್ಕಳ, ಚಿತ್ರ ತೆಗೆಯಬಾರದು. ಹಣ ಕೊಟ್ಟು ಕುಣಿತ ಅಥವಾ ಪೂಜೆಯನ್ನು ‘ಮಾಡಿಸುವುದು’ ಬೇಡ. ಹಬ್ಬದ ದಿನವಾಗಿದ್ದು ಅವರು ಕರೆದರೆ ಹೋಗಬಹುದು.

ಉ) ದೇವರಕಾಡು ಹಾಗೂ ನಾಗಬನಗಳಲ್ಲಿ ಊರಿನ ಕಟ್ಟುಪಾಡುಗಳನ್ನು ಪಾಲಿಸತಕ್ಕದ್ದು. ಕೊಡಗಿನಲ್ಲಿಯೇ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿದ್ದು, ಅವು ಉಳಿದಿರುವುದಕ್ಕೆ ಈ ಕಟ್ಟುಪಾಡುಗಳೇ ಕಾರಣ.

ಊ) ಮಕ್ಕಳಿಗೆ ಮಿಠಾಯಿ, ಹಣ ಹಂಚುವುದನ್ನು ಬಿಟ್ಟು, ನೆರವು ನೀಡಲಿಚ್ಛಿಸುವವರು ಊರಿನ ಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಬಹುದು.

7. ಖರ್ಚಿನ ಲೆಕ್ಕ

ಪ್ರವಾಸಿಯೊಬ್ಬರ ಖರ್ಚು ಎಲ್ಲಿ ಜಮೆಯಾಗುತ್ತದೆ ಎಂಬುದನ್ನು ಗಮನಿಸುವುದು ಒಳಿತು. ನಗರದಿಂದ ಬಾಡಿಗೆ ವಾಹನ, ನಗರದಿಂದಲೇ ಬುತ್ತಿ ಮತ್ತು ನೀರಿನ ಶೀಶೆ, ನಗರದ ಸಂಘಟಕರಿಗೆ ಒಟ್ಟು ಮೊತ್ತ ಪಾವತಿ – ಹೀಗೆ ಮಾಡಿದಲ್ಲಿ ಪ್ರವೇಶ ಶುಲ್ಕದ ಹೊರತು ಹಳ್ಳಿಗೆ ಉಳಿಯುವುದು ಕಸ ಮಾತ್ರ. ಅದೇ ಮೊತ್ತವನ್ನು ಸರ್ಕಾರಿ ಬಸ್ಸು, ಸ್ಥಳೀಯ ಜೀಪು, ಮನೆವಾಸ, ಮನೆಯ ಊಟ ಹಾಗೂ ಮಾರ್ಗದರ್ಶಿಯ ಕೂಲಿಗೆ ಹಂಚಿದರೆ ಅದರ ಹೆಚ್ಚಿನ ಪಾಲು ಊರಿನಲ್ಲೇ ನಿಲ್ಲುತ್ತದೆ. ಕಾಡು ಉಳಿದರೆ ತಮಗೂ ಆದಾಯವಿದೆ ಎಂಬುದು ಗ್ರಾಮಸ್ಥರ ಅನುಭವಕ್ಕೆ ಬರುವುದು ಹೀಗೆ.

ಮಾರ್ಗದರ್ಶಿಯ ಕೂಲಿ, ಊಟದ ದರಗಳನ್ನು ಮುಂಚಿತವಾಗಿ ಮಾತನಾಡಿಕೊಳ್ಳತಕ್ಕದ್ದು. ಆದ ಮೇಲೆ ಚೌಕಾಶಿ ಮಾಡತಕ್ಕದ್ದಲ್ಲ. ಎಲ್ಲೆಡೆ ಯುಪಿಐ ನಡೆಯುವುದಿಲ್ಲವಾದ್ದರಿಂದ ಚಿಲ್ಲರೆ ನಗದು ಇಟ್ಟುಕೊಳ್ಳುವುದು ಸೂಕ್ತ. ಜೇನು ಮುಂತಾದ ಉತ್ಪನ್ನಗಳನ್ನು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳಲ್ಲಿ ರಸೀದಿ ಸಹಿತ ಕೊಳ್ಳಬಹುದು. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನ ಕಡ್ಡಿಯಿಂದ ಮಾಡಿದ ಪೀಠೋಪಕರಣಗಳೂ ದೊರೆಯುತ್ತವೆ. ಇವನ್ನು ಕೊಂಡರೆ ಕಾಡಿನ ಕಳೆಯೂ ಕಡಿಮೆಯಾದೀತು.

8. ಆರೋಗ್ಯ ಮತ್ತು ಸುರಕ್ಷತೆ

ಅ) ಆನೆ: ಸೂರ್ಯೋದಯಕ್ಕೆ ಮುನ್ನ ಹಾಗೂ ಸೂರ್ಯಾಸ್ತದ ನಂತರ ಕಾಲುದಾರಿಗಳಲ್ಲಿ ನಡೆಯಬಾರದು. ಊರಿನವರು “ಇವತ್ತು ಆ ಕಡೆ ಬೇಡ” ಎಂದರೆ ಕಾರಣ ಕೇಳದೆ ಒಪ್ಪಿಕೊಳ್ಳುವುದು ಕ್ಷೇಮ.

ಆ) ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮೊದಲು ಗುರುತಿಸಲಾದ ಈ ರೋಗವು ಉಣುಗುಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚಿನ ಎಚ್ಚರ ಅಗತ್ಯ. ಮೈ ಮುಚ್ಚುವ ಉಡುಪು ಧರಿಸಿ, ಸಂಜೆ ಬಿಸಿನೀರಿನ ಸ್ನಾನ ಮಾಡಿ, ಉಡುಪನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಸತ್ತ ಮಂಗ ಕಂಡುಬಂದಲ್ಲಿ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸತಕ್ಕದ್ದು. ಊರಿಗೆ ಮರಳಿದ ಮೇಲೆ ತೀವ್ರ ಜ್ವರ, ತಲೆನೋವು ಬಂದರೆ ತಾವು ಹೋಗಿದ್ದ ಸ್ಥಳವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಇ) ಹಾವು ಕಡಿತ: ಕಡಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಅಪಾಯಕಾರಿ. ರೋಗಿಯನ್ನು ಆದಷ್ಟು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು.

ಈ) ಇಂಬಳ: ತೊಂದರೆದಾಯಕವೇ ಹೊರತು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಕಿತ್ತೆಳೆಯದೆ ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ.

ಉ) ರಸ್ತೆ: ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧವಿದೆ. ಪ್ರಯಾಣದ ವೇಳೆಯನ್ನು ಅದಕ್ಕನುಗುಣವಾಗಿ ಯೋಜಿಸತಕ್ಕದ್ದು.

ಊ) ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗೆ 108 ಸಂಖ್ಯೆಗಳಿಗೆ ಕರೆ ಮಾಡಬಹುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಅನುಮತಿ ಪಡೆದ ಮೇಲೆ ಮಾರ್ಗದರ್ಶಿಯು ಮುಂದೆ ಹೋಗಲು ಒಪ್ಪದಿದ್ದರೆ?
ಉ: ಹಿಂತಿರುಗತಕ್ಕದ್ದು. ಅನುಮತಿಯು ಪ್ರವೇಶಕ್ಕೆ ಮಾತ್ರ. ಶಿಖರ ತಲುಪಿಸುವ ಭರವಸೆಯಲ್ಲ.

ಪ್ರ: ಪರಿಚಯದವರ ಮನೆಯಲ್ಲಿ ತಂಗಿದರೆ ಹೋಮ್‌ಸ್ಟೇ ನೋಂದಣಿ ಬೇಕೇ?
ಉ: ಬಾಡಿಗೆ ಪಡೆಯದೆ ನೆಂಟರು, ಸ್ನೇಹಿತರನ್ನು ಉಳಿಸಿಕೊಳ್ಳುವುದು ಹೋಮ್‌ಸ್ಟೇ ಅಲ್ಲ. ಬಾಡಿಗೆಗೆ ನೀಡುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರುವುದನ್ನು ಖಚಿತಪಡಿಸಿಕೊಳ್ಳುವುದು ಒಳಿತು.

ಪ್ರ: ವಿದೇಶಿ ಪ್ರಜೆಗಳು ಜೊತೆಯಲ್ಲಿದ್ದರೆ?
ಉ: ಅವರನ್ನು ಉಳಿಸಿಕೊಳ್ಳುವ ಮನೆಯವರು 24 ಗಂಟೆಗಳೊಳಗೆ ನಿಗದಿತ ನಮೂನೆಯನ್ನು ಆನ್‌ಲೈನ್ ಮೂಲಕ ಸಲ್ಲಿಸತಕ್ಕದ್ದು. ಮನೆಯವರಿಗೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳನ್ನು ಬಂದ ಕೂಡಲೇ ನೀಡಿ ಸಹಕರಿಸಬೇಕು.

ಪ್ರ: ಡ್ರೋನ್ ಬಳಸಬಹುದೇ?
ಉ: ಸಂರಕ್ಷಿತ ಪ್ರದೇಶಗಳಲ್ಲಿ ಪೂರ್ವಾನುಮತಿಯಿಲ್ಲದೆ ಬಳಸುವಂತಿಲ್ಲ.

ಪ್ರ: ಪ್ಲಾಸ್ಟಿಕ್ ವಸ್ತುಗಳನ್ನು ಒಯ್ಯಬಹುದೇ?
ಉ: ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿತವಾಗಿವೆ. ಇತರೆ ಪೊಟ್ಟಣಗಳನ್ನು ಒಯ್ದಲ್ಲಿ ಅವನ್ನು ಮರಳಿ ತರತಕ್ಕದ್ದು. ಹಳ್ಳಿಯ ಮನೆಯಲ್ಲೂ ಬಿಟ್ಟು ಬರಬಾರದು. ಅಲ್ಲಿ ಕಸದ ವಾಹನ ಬರುವುದಿಲ್ಲ.

10. ಉಪಸಂಹಾರ

ಅನುಮತಿ ಪತ್ರವು ದಿನಾಂಕ, ಸಂಖ್ಯೆ ಮತ್ತು ದಾರಿಯನ್ನಷ್ಟೇ ನಿಗದಿಪಡಿಸುತ್ತದೆ. ಅತಿಥಿಯಂತೆ ನಡೆದುಕೊಳ್ಳಬೇಕೆಂಬುದನ್ನು ಯಾವ ನಮೂನೆಯಲ್ಲೂ ಮುದ್ರಿಸಲಾಗುವುದಿಲ್ಲ. ಹೊರಡುವ ದಿನ ಮನೆಯವರು “ಮತ್ತೆ ಬನ್ನಿ” ಎಂದು ಮನಸಾರೆ ಹೇಳುವಂತಿದ್ದರೆ ಆ ಪ್ರವಾಸವು ನಿಯಮಬದ್ಧವಾಗಿ ನಡೆದಿದೆ ಎಂದು ತಿಳಿಯಬಹುದು. ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.

ಸೂಚನೆ: ಶುಲ್ಕ, ಸಂಖ್ಯಾಮಿತಿ ಹಾಗೂ ದಾರಿಗಳ ಪಟ್ಟಿಯು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುತ್ತದೆ. ಹೊರಡುವ ಮುನ್ನ ಸಂಬಂಧಿಸಿದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.